ಅಗ್ಗದ ಟೆಲಿಸ್ಕೋಪಿನ ಕನ್ನಡಿಯನ್ನು ಮಾಳಿಗೆ ಮೇಲೆ ಪರೀಕ್ಷಿಸುವುದು ಹೇಗೆ

ಕಡಿಮೆ ಬೆಲೆಯ ಕನ್ನಡಿ ಟೆಲಿಸ್ಕೋಪುಗಳು ಹೆಚ್ಚಾಗಿ ನಾಲ್ಕೈದು ಅಳತೆಗಳಲ್ಲೇ ಬರುತ್ತವೆ: 76/700, 114/900, 130/900, 130/650. ಮೊದಲ ಅಂಕಿ ಕನ್ನಡಿಯ ವ್ಯಾಸ, ಎರಡನೆಯದು ಸಂಗಮದೂರ, ಅಂದರೆ ಕನ್ನಡಿಯಿಂದ ನಕ್ಷತ್ರದ ಬೆಳಕು ಬಂದು ಸೇರುವ ಬಿಂದುವಿನವರೆಗಿನ ದೂರ. ಎರಡೂ ಮಿಲಿಮೀಟರಿನಲ್ಲಿ. ಡಬ್ಬಿ ಬಿಚ್ಚಿ, ಮಾಳಿಗೆ ಮೇಲೆ ಒಯ್ದು ಗುರುಗ್ರಹದತ್ತ ತಿರುಗಿಸಿದರೆ ಅದು ಕಾದ ಎಣ್ಣೆಯೊಳಗಿನ ಪೂರಿಯ ಹಾಗೆ ನಡುಗುತ್ತ, ಅಂಚೇ ಇಲ್ಲದೆ ಕಾಣುತ್ತದೆ. ಆಗ ಎಲ್ಲರೂ ಹೇಳುವುದು ಒಂದೇ: ಕನ್ನಡಿ ಸರಿಯಿಲ್ಲ, ವಾಪಸ್ ಕಳಿಸಿ. ಕಲಬುರಗಿಯಂಥ ಬಿಸಿಲು ನಾಡಿನಲ್ಲಿ ಈ ತೀರ್ಪನ್ನು ಮೊದಲ ರಾತ್ರಿಯೇ ಕೊಡಬಾರದು. ಇಲ್ಲಿ ಕಾದ ಗಾಳಿ, ಓರೆಯಾಗಿ ಕೂತ ಕನ್ನಡಿ, ಬಿಗಿಯಾದ ಕ್ಲಿಪ್ಪು, ಕಳಪೆ ಐಪೀಸು (ಕಣ್ಣಿಟ್ಟು ನೋಡುವ ಮಸೂರ) ಇವೆಲ್ಲ ಸೇರಿ ಒಳ್ಳೆಯ ಕನ್ನಡಿಯ ಹೆಸರನ್ನೂ ಕೆಡಿಸುತ್ತವೆ. ಒಂದೊಂದನ್ನೇ ಬದಿಗಿಟ್ಟ ಮೇಲೆ ಉಳಿಯುವ ದೋಷ ಮಾತ್ರ ಗಾಜಿನದು. ಪರೀಕ್ಷೆಗೆ ದುಬಾರಿ ಸಾಮಾನೇನೂ ಬೇಡ. ಸೈಕಲ್ ಬೇರಿಂಗಿನ ಒಂದು ಗುಂಡು, ಒಂದು ಬ್ಲೇಡು, ಲಗ್ನಪತ್ರಿಕೆ ಅಚ್ಚು ಹಾಕುವವರ ಬಳಿ ಸಿಗುವ ಒಂದು ತುಂಡು ಜಾಲರಿ ಇದ್ದರೆ ಸಾಕು.

ಮೊದಲು, ಕನ್ನಡಿಯಿಂದ ಎಷ್ಟು ನಿರೀಕ್ಷಿಸಬೇಕು ಎಂಬ ಲೆಕ್ಕ. ಐಪೀಸಿಗೆ ಬಂದು ಸೇರುವ ಬೆಳಕಿನ ಅಲೆಯಲ್ಲಿ ಕಾಲು ತರಂಗಕ್ಕಿಂತ ಹೆಚ್ಚು ಏರುಪೇರು ಇರಬಾರದು ಎಂಬುದು ಹಳೆಯ, ಇಂದಿಗೂ ನಡೆಯುವ ಅಳತೆಗೋಲು. ಹಸಿರು ಬೆಳಕಿನ ಒಂದು ತರಂಗದ ಉದ್ದ ಸುಮಾರು 550 ನ್ಯಾನೋಮೀಟರ್. ಅದರ ಕಾಲು ಭಾಗ 137. ಕನ್ನಡಿಗೆ ಬಿದ್ದ ಬೆಳಕು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಪ್ಪುವುದರಿಂದ ಗಾಜಿನ ಮೇಲ್ಮೈಯಲ್ಲಿ ಅದರ ಅರ್ಧ, ಅಂದರೆ ಸುಮಾರು 69 ನ್ಯಾನೋಮೀಟರ್ ಮಾತ್ರ ಮಾಫಿ. ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲು ಅಂದುಕೊಳ್ಳಿ.

ದೂರದ ನಕ್ಷತ್ರದ ಬೆಳಕನ್ನು ಒಂದೇ ಬಿಂದುವಿಗೆ ತರುವುದು ಪ್ಯಾರಾಬೋಲಾ ಆಕಾರದ ಕನ್ನಡಿ. ಆದರೆ ಗೋಲಾಕಾರದ ಕನ್ನಡಿಯನ್ನು ಉಜ್ಜಿ ತಯಾರಿಸುವುದು ಸುಲಭ, ಖರ್ಚೂ ಕಡಿಮೆ. ಅದಕ್ಕೇ ಅಗ್ಗದವುಗಳಲ್ಲಿ ಬಹಳಷ್ಟು ಗೋಲ ಕನ್ನಡಿಗಳೇ. ಗೋಲ ಅಂದಾಕ್ಷಣ ಕೆಟ್ಟದ್ದು ಎಂದಲ್ಲ. ಸಂಗಮದೂರ ಸಾಕಷ್ಟು ಉದ್ದವಿದ್ದರೆ ಗೋಲಕ್ಕೂ ಪ್ಯಾರಾಬೋಲಾಕ್ಕೂ ಇರುವ ವ್ಯತ್ಯಾಸ ಕಾಲು ತರಂಗದೊಳಗೇ ಉಳಿಯುತ್ತದೆ. ಇದಕ್ಕೊಂದು ಸೂತ್ರವಿದೆ. ವ್ಯಾಸವನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು ಅದರ ನಾಲ್ಕನೇ ಘಾತವನ್ನು 34.9ರಿಂದ ಗುಣಿಸಿ, ಬಂದದ್ದಕ್ಕೆ ಘನಮೂಲ ಹಾಕಿ. ಗೋಲ ಕನ್ನಡಿಗೆ ಕನಿಷ್ಠ ಅಷ್ಟು ಸೆಂಟಿಮೀಟರ್ ಸಂಗಮದೂರ ಬೇಕು. 76 ಮಿ.ಮೀ. ಕನ್ನಡಿಗೆ 49 ಸೆಂ.ಮೀ. ಸಾಕು, ಇರುವುದು 70. ನಿಶ್ಚಿಂತೆ. 114ಕ್ಕೆ 84 ಬೇಕು, ಇರುವುದು 90. ಪಾಸು, ಆದರೆ ಅಂಚಿನಲ್ಲಿ. ದೋಷ ಸುಮಾರು ಐದರಲ್ಲೊಂದು ತರಂಗ. 130ಕ್ಕೆ ಪೂರ್ತಿ ಒಂದು ಮೀಟರ್ ಬೇಕು. 130/900ರ ಗೋಲ ಕನ್ನಡಿ ಮೂರರಲ್ಲೊಂದು ತರಂಗದಷ್ಟು ತಪ್ಪುತ್ತದೆ. 130/650ರ ಕನ್ನಡಿ ಗೋಲವಾಗಿದ್ದರಂತೂ ದೋಷ ಹತ್ತಿರ ಹತ್ತಿರ ಒಂದು ತರಂಗ, ಗ್ರಹ ನೋಡುವುದಕ್ಕೆ ಆಗದ ಮಾತು. ಇದೇ ಅಳತೆಯಲ್ಲಿ ಪ್ಯಾರಾಬೋಲಾ ಕನ್ನಡಿಯವೂ ಬರುತ್ತವೆ. ನಿಮ್ಮ ಕೈಗೆ ಬಂದದ್ದು ಯಾವುದು ಎಂದು ಡಬ್ಬಿಯ ಬರಹ ನೋಡಿ ನಂಬುವುದಕ್ಕಿಂತ ಪರೀಕ್ಷಿಸಿ ತಿಳಿಯುವುದು ಮೇಲು.

ಇನ್ನೊಂದು ಜಾತಿ ಇದೆ. ಮೇಲೆ 114/1000 ಅಥವಾ 127/1000 ಎಂದು ಬರೆದಿರುತ್ತದೆ, ಕೊಳವೆ ನೋಡಿದರೆ ಅರ್ಧ ಮೀಟರಿನಷ್ಟೇ ಉದ್ದ. ಐಪೀಸು ತೆಗೆದು, ಅದನ್ನು ಹಿಡಿದು ಒಳಗೆ ಹೊರಗೆ ಸರಿಸುವ ಫೋಕಸರಿನೊಳಗೆ ಇಣುಕಿ. ತಳದಲ್ಲಿ ಒಂದು ಸಣ್ಣ ಮಸೂರ ಕೂತಿರುತ್ತದೆ. ಕಡಿಮೆ ಸಂಗಮದೂರದ ಗೋಲ ಕನ್ನಡಿಯ ತಪ್ಪನ್ನು ತಿದ್ದಿ, ಸಂಗಮದೂರವನ್ನೂ ಹಿಗ್ಗಿಸುವ ಮಸೂರ ಅದು. ಫೋಕಸರು ಒಳಗೆ ಹೊರಗೆ ಹೋದಂತೆ ಕನ್ನಡಿಗೂ ಮಸೂರಕ್ಕೂ ನಡುವಿನ ಅಂತರ ಬದಲಾಗಿ ತಿದ್ದುಪಡಿಯೂ ಏರಿಳಿಯುತ್ತದೆ. ಮುಂದೆ ಹೇಳುವ ನಕ್ಷತ್ರ ಪರೀಕ್ಷೆಯನ್ನು ಇದಕ್ಕೂ ಮಾಡಬಹುದು, ಆದರೆ ಕಂಡ ದೋಷ ಕನ್ನಡಿಯದೋ ಮಸೂರದ್ದೋ ಬೇರ್ಪಡಿಸಲು ಆಗದು. ಇನ್ನೂ ಕೊಂಡಿಲ್ಲದಿದ್ದರೆ ಈ ಜಾತಿಯನ್ನು ಬಿಟ್ಟುಬಿಡಿ.

ಮೊದಲ ಆರೋಪಿ: ಬಿಸಿ

ನಮ್ಮ ಕಡೆಯ ಮನೆಗಳಲ್ಲಿ ನೆಲಕ್ಕೂ ಮಾಳಿಗೆಗೂ ಶಹಾಬಾದ್ ಪರಸಿ ಸಾಮಾನ್ಯ. ಹಗಲೆಲ್ಲ ಕಾದ ಆ ಕಲ್ಲು ಬೇಸಿಗೆಯಲ್ಲಿ ರಾತ್ರಿ ಹನ್ನೊಂದಾದರೂ ಅಂಗಾಲಿಗೆ ಬೆಚ್ಚಗೇ ತಾಕುತ್ತದೆ. ಅದರಿಂದೇಳುವ ಬಿಸಿಗಾಳಿ ಟೆಲಿಸ್ಕೋಪಿನ ಬಾಯಿಯ ಮುಂದೆಯೇ ಹಾದುಹೋಗುತ್ತದೆ. ಎಂಥ ಕನ್ನಡಿಯಿದ್ದರೂ ಆ ಪರದೆಯ ಹಿಂದಿನಿಂದ ನಕ್ಷತ್ರ ನೆಟ್ಟಗೆ ಕಾಣದು. ಮಲಗುವುದಕ್ಕೆ ಮಾಳಿಗೆಗೆ ನೀರು ಹೊಡೆಯುತ್ತಾರಲ್ಲ, ಅದನ್ನೇ ಮಾಡಿ. ಸೂರ್ಯ ಮುಳುಗುವಾಗ ಒಮ್ಮೆ, ಗಂಟೆ ಬಿಟ್ಟು ಇನ್ನೊಮ್ಮೆ. ಸಾಧ್ಯವಿದ್ದರೆ ಮಾಳಿಗೆ ಬಿಟ್ಟು ಅಂಗಳದ ಮಣ್ಣಿನ ಮೇಲೆ, ಇಲ್ಲವೇ ಹೊಲದ ಬದುವಿನ ಮೇಲೆ ನಿಲ್ಲಿಸಿ. ಬಿತ್ತಿದ ಹೊಲ ಪರಸಿಗಿಂತ ಎಷ್ಟೋ ಬೇಗ ತಣಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಪರೀಕ್ಷೆಗೆ ಒಳ್ಳೆಯ ಹೊತ್ತು ಬೆಳಗಿನ ಜಾವ ನಾಲ್ಕರಿಂದ ಐದೂವರೆ. ಕಲ್ಲು, ಗೋಡೆ, ಗಾಜು ಎಲ್ಲವೂ ಅಷ್ಟೊತ್ತಿಗೆ ಗಾಳಿಯ ಉಷ್ಣತೆಗೆ ಹತ್ತಿರ ಬಂದಿರುತ್ತವೆ.

ಕನ್ನಡಿಯ ಗಾಜೂ ತಣಿಯಬೇಕು. 114 ಮಿ.ಮೀ. ಕನ್ನಡಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೊಡಿ. ಕೊಳವೆಯ ಮುಚ್ಚಳ ತೆಗೆದಿರಲಿ. ಕೂಲರ್ ಓಡುವ ಕೋಣೆಯಿಂದ ಹೊರಗೆ ತಂದರೂ ಅಷ್ಟೇ ಹೊತ್ತು ಬೇಕು, ಆಗ ಗಾಜು ತಣ್ಣಗಿದ್ದು ಗಾಳಿ ಬಿಸಿಯಿರುತ್ತದೆ. ಇಲ್ಲೊಂದು ಮೋಸವಿದೆ. ತಣಿಯುವ ಗಾಜಿನಲ್ಲಿ ಅಂಚು ಮೊದಲು ತಣಿದು ಕುಗ್ಗುತ್ತದೆ, ನಡುಭಾಗ ಬೆಚ್ಚಗೇ ಉಳಿಯುತ್ತದೆ. ಆಗ ಕನ್ನಡಿಯ ಆಕಾರ ಅತಿತಿದ್ದುಪಡಿಯ ಕಡೆಗೆ, ಅಂದರೆ ಗೋಲವನ್ನು ಪ್ಯಾರಾಬೋಲಾಕ್ಕಿಂತಲೂ ಹೆಚ್ಚು ತಿದ್ದಿದಂತೆ, ವಾಲುತ್ತದೆ. ತಿದ್ದುಪಡಿ ಸಾಲದ ಗೋಲ ಕನ್ನಡಿ ಆ ಹೊತ್ತಿನಲ್ಲಿ ತನ್ನ ನಿಜಗುಣಕ್ಕಿಂತ ಒಳ್ಳೆಯದಾಗಿ ಕಾಣಬಹುದು, ಒಳ್ಳೆಯ ಕನ್ನಡಿ ಕೆಟ್ಟದಾಗಿಯೂ ಕಾಣಬಹುದು. ಹೊರಗೆ ತಂದ ಕೂಡಲೇ ಕಂಡದ್ದನ್ನು ಬರೆದಿಟ್ಟುಕೊಳ್ಳಬೇಡಿ.

ಬಿಸಿಗಾಳಿಯನ್ನು ಗುರುತಿಸುವುದು ಸುಲಭ. ಒಂದು ನಕ್ಷತ್ರವನ್ನು ಫೋಕಸಿನಿಂದ ಸಾಕಷ್ಟು ಹೊರಗೆ ತೆಗೆದು, ನಡುವೆ ಕಪ್ಪು ಚುಕ್ಕೆಯಿರುವ (ಅದು ಕೊಳವೆಯೊಳಗಿನ ಸಣ್ಣ ಕನ್ನಡಿಯ ನೆರಳು) ದೊಡ್ಡ ಬೆಳಕಿನ ಬಿಲ್ಲೆಯಾಗಿಸಿ ನೋಡಿ. ಊದಿನಕಡ್ಡಿಯ ಹೊಗೆಯಂಥ ಎಳೆಗಳು ಬಿಲ್ಲೆಯ ಒಂದು ಬದಿಯಿಂದ ಎದ್ದು ನಿಧಾನವಾಗಿ ತೇಲಿದರೆ ಅದು ಕೊಳವೆಯೊಳಗಿನ ಬಿಸಿ. ಹರಿಯುವ ನೀರಿನ ಹಾಗೆ ಇಡೀ ಬಿಲ್ಲೆಯ ಮೇಲೆ ಅಲೆಗಳು ಒಂದೇ ದಿಕ್ಕಿಗೆ ಸರಸರ ಓಡಿದರೆ ಅದು ಮೇಲಿನ ಗಾಳಿ. ಅದಕ್ಕೆ ಬೇರೆ ರಾತ್ರಿ ಕಾಯುವುದೊಂದೇ ದಾರಿ. ನಿಮ್ಮ ಅಂಗೈಯನ್ನು ಕೊಳವೆಯ ಬಾಯಿಯ ಕೆಳಗೆ ಹಿಡಿದು ನೋಡಿ, ಬೆರಳಿನಿಂದೇಳುವ ಶಾಖವೂ ಬಿಲ್ಲೆಯಲ್ಲಿ ಜ್ವಾಲೆಯ ಹಾಗೆ ಕಾಣುತ್ತದೆ. ಒಮ್ಮೆ ಅದನ್ನು ಕಂಡವರು ಬಿಸಿಯನ್ನು ಇನ್ಯಾವುದರ ಜೊತೆಗೂ ತಪ್ಪು ತಿಳಿಯುವುದಿಲ್ಲ.

ಕನ್ನಡಿ ಕೂತ ರೀತಿ

ಕೊಳವೆಯ ತಳದಲ್ಲಿ ದೊಡ್ಡ ಕನ್ನಡಿ, ಬಾಯಿಯ ಬಳಿ ಬೆಳಕನ್ನು ಪಕ್ಕದ ಫೋಕಸರಿಗೆ ತಿರುಗಿಸುವ ಸಣ್ಣ ಕನ್ನಡಿ ಇರುತ್ತವೆ. ಎರಡು ಕನ್ನಡಿಗಳೂ ಒಂದೇ ಅಕ್ಷದ ಮೇಲಿರದಿದ್ದರೆ ಪರೀಕ್ಷೆಯೇ ಆಗದು. ಫೋಕಸರಿನ ಪ್ಲಾಸ್ಟಿಕ್ ಮುಚ್ಚಳದ ಸರಿ ನಡುವೆ 2 ಮಿ.ಮೀ. ತೂತು ಕೊರೆದರೆ ಅದೇ ನೋಡುಕಿಂಡಿ. ದೊಡ್ಡ ಕನ್ನಡಿಯ ನಡುವೆ ಗುರುತಿಲ್ಲದಿದ್ದರೆ, ಕಾಗದದ ಮೇಲೆ ಅದೇ ವ್ಯಾಸದ ವೃತ್ತ ಕತ್ತರಿಸಿ, ನಾಲ್ಕಾಗಿ ಮಡಚಿ, ಮೂಲೆ ಕತ್ತರಿಸಿದರೆ ನಡುವೆ ತೂತು ಬರುತ್ತದೆ. ಅದರ ಮೂಲಕ ಶಾಶ್ವತ ಮಾರ್ಕರಿನಿಂದ ಒಂದು ಚುಕ್ಕೆ ಇಡಿ. ಆ ಜಾಗ ಹೇಗಿದ್ದರೂ ಸಣ್ಣ ಕನ್ನಡಿಯ ನೆರಳಿನಲ್ಲೇ ಇರುವುದರಿಂದ ಹಾನಿಯಿಲ್ಲ. ಕಿಂಡಿಯಲ್ಲಿ ನೋಡಿ, ಮೊದಲು ಸಣ್ಣ ಕನ್ನಡಿಯ ತಿರುಪುಗಳಿಂದ ದೊಡ್ಡ ಕನ್ನಡಿ ಪೂರ್ತಿ ಕಾಣುವಂತೆ ಮಾಡಿ, ಆಮೇಲೆ ಹಿಂಬದಿಯ ಮೂರು ತಿರುಪುಗಳಿಂದ ಚುಕ್ಕೆಯನ್ನು ಕಿಂಡಿಯ ಪ್ರತಿಬಿಂಬದ ನಡುವೆ ತನ್ನಿ. ಅಗ್ಗದ ಫೋಕಸರುಗಳು ಅಲುಗಾಡುತ್ತವೆ. ಫೋಕಸರಿನ ಗುಬ್ಬಿ (ತಿರುಗಿಸುವ ಹಿಡಿ) ತಿರುಗಿಸಿದಾಗ ನಕ್ಷತ್ರ ಪಕ್ಕಕ್ಕೆ ಜಿಗಿದರೆ ಹಲ್ಲುಪಟ್ಟಿಯ ಕೆಳಗಿನ ಸಣ್ಣ ತಿರುಪುಗಳನ್ನು ಬಿಗಿ ಮಾಡಿ. ಸಾಲದಿದ್ದರೆ ಒಳಕೊಳವೆಗೆ ತೆಳು ಟೇಪು ಸುತ್ತಿ.

ದೊಡ್ಡ ಕನ್ನಡಿಯನ್ನು ಹಿಡಿದ ಮೂರು ಕ್ಲಿಪ್ಪುಗಳು ಬಹಳ ಸಲ ಗಾಜನ್ನು ಹಿಸುಕುತ್ತವೆ, ಕಾರ್ಖಾನೆಯಲ್ಲಿ ಸಾಗಣೆಗೆಂದು ಬಿಗಿ ಮಾಡಿರುತ್ತಾರೆ. ಕನ್ನಡಿಯನ್ನು ಅದರ ತಟ್ಟೆಯ ಸಮೇತ ಹೊರತೆಗೆದು, ಪ್ರತಿ ಕ್ಲಿಪ್ಪಿನ ಕೆಳಗೆ ಬಸ್ ಟಿಕೆಟಿನಷ್ಟು ತೆಳುವಾದ ಕಾಗದ ಸರಾಗವಾಗಿ ಜಾರುವಷ್ಟು ಸಡಿಲಿಸಿ. ಕನ್ನಡಿ ಅಲುಗಿದರೆ ಸದ್ದಾಗಬೇಕು, ಬೀಳಬಾರದು. ಹಿಸುಕಿದ ಕನ್ನಡಿಯ ನಕ್ಷತ್ರ ಮೂರು ಮೂಲೆಯಾಗಿ ಕಾಣುತ್ತದೆ.

ಹೇಗೂ ಹೊರತೆಗೆದಿದ್ದೇವಲ್ಲ ಎಂದು ಒರೆಸಲು ಹೋಗಬೇಡಿ. ಧೂಳಿನಿಂದ ಆಕಾರ ಕೆಡುವುದಿಲ್ಲ, ಬಟ್ಟೆಯಿಂದ ಅಲ್ಯೂಮಿನಿಯಂ ಲೇಪ ಗೀರುತ್ತದೆ. ತೊಳೆಯಲೇಬೇಕಾದರೆ ನಲ್ಲಿಯ ನೀರು ಹರಿಸಿ, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ನೆನೆಸಿ, ಕೊನೆಗೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರಿನಿಂದ ಜಾಲಿಸಿ, ಓರೆಯಾಗಿ ನಿಲ್ಲಿಸಿ ಒಣಗಿಸಿ. ಸುಣ್ಣಕಲ್ಲಿನ ಸೀಮೆಯ ಬೋರ್ ನೀರು ಗಡಸು, ಒಣಗಿದಲ್ಲೆಲ್ಲ ಬಿಳಿ ಕಲೆ ಬಿಡುತ್ತದೆ. ಡಬ್ಬಿಯ ಮೇಲಿನ ಹೆಸರನ್ನು ಓದಿಯೇ ಕೊಳ್ಳಿ, ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ಡನ್ನೂ ಮಾರುತ್ತಾರೆ.

ಯಾವ ನಕ್ಷತ್ರ?

ಪುಸ್ತಕಗಳೆಲ್ಲ ಧ್ರುವ ನಕ್ಷತ್ರ ನೋಡಿ ಎನ್ನುತ್ತವೆ, ಅದು ಅಲುಗುವುದಿಲ್ಲ ಎಂಬ ಕಾರಣಕ್ಕೆ. ಯುರೋಪಿನಲ್ಲಿ ಅದು ಅರ್ಧ ಆಕಾಶದ ಎತ್ತರದಲ್ಲಿದೆ. ಧ್ರುವದ ಎತ್ತರ ಎಂದರೆ ಊರಿನ ಅಕ್ಷಾಂಶ: ಕಲಬುರಗಿಯಲ್ಲಿ 17.3 ಡಿಗ್ರಿ, ಬೀದರಿನಲ್ಲಿ 17.9, ಯಾದಗಿರಿಯಲ್ಲಿ 16.8. ಅಷ್ಟು ಕೆಳಗಿನ ನಕ್ಷತ್ರದ ಬೆಳಕು ನೆತ್ತಿಯ ಮೇಲಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಾಳಿ ದಾಟಿ ಬರುತ್ತದೆ. ಇಲ್ಲಿ ಧ್ರುವವನ್ನು ಹಿಡಿದು ಪರೀಕ್ಷೆ ಮಾಡಿದರೆ ಗಾಳಿಯನ್ನು ಪರೀಕ್ಷಿಸಿದಂತೆ.

ನೆತ್ತಿಗೆ ಹತ್ತಿರ ಬರುವ ನಕ್ಷತ್ರ ಹಿಡಿಯಿರಿ. ಮಾರ್ಚಿನಿಂದ ಮೇವರೆಗೆ ಸಂಜೆ ಮಘಾ, ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಮೋಡ ಬಿಟ್ಟಾಗ ಶ್ರವಣ, ಚಳಿಗಾಲದಲ್ಲಿ ರೋಹಿಣಿ. ಮಘಾ ಕಲಬುರಗಿಯಲ್ಲಿ ನೆತ್ತಿಯಿಂದ ಐದಾರು ಡಿಗ್ರಿ ದೂರದಲ್ಲೇ ಹಾದುಹೋಗುತ್ತದೆ. ಮಘಾ ಮಳೆ ಬೀಳುವ ಆಗಸ್ಟ್ ಕೊನೆಯಲ್ಲಿ ಅದನ್ನು ಹುಡುಕಬೇಡಿ. ಸೂರ್ಯ ಆ ನಕ್ಷತ್ರದಲ್ಲಿ ಇರುತ್ತಾನೆ ಎಂಬುದೇ ಆ ಮಳೆಯ ಹೆಸರಿನ ಅರ್ಥ. ನಕ್ಷತ್ರ ಓಡುತ್ತದೆ ಎಂಬ ಭಯ ಬೇಡ. 150 ಪಟ್ಟು ವರ್ಧನೆಯಲ್ಲೂ ಪ್ಲೋಸ್ಲ್ ಎಂಬ ಸಾಮಾನ್ಯ ಬಗೆಯ ಐಪೀಸಿನ ನೋಟ ದಾಟಲು ಅದಕ್ಕೆ ಸುಮಾರು 80 ಸೆಕೆಂಡು ಬೇಕು. ಆದರೆ ತೀರ್ಪು ಕೊಡುವುದು ನೋಟದ ನಡುವೆ ಇದ್ದಾಗ ಮಾತ್ರ.

ಆಕಾಶ ಕೈಕೊಟ್ಟರೆ ಕೃತಕ ನಕ್ಷತ್ರ. ಸೈಕಲ್ ಬೇರಿಂಗಿನ ಆರು ಮಿಲಿಮೀಟರ್ ದಪ್ಪದ ಹೊಸ, ಹೊಳೆಯುವ ಉಕ್ಕಿನ ಗುಂಡನ್ನು ಕಪ್ಪು ಬಟ್ಟೆ ಸುತ್ತಿದ ಇಟ್ಟಿಗೆಯ ಮೇಲೆ ಚಿಟಿಕೆ ಜೇಡಿಯಿಂದ ಅಂಟಿಸಿ, ಮೂವತ್ತು ಮೀಟರ್ ಆಚೆಯ ಮಾಳಿಗೆಯ ಕಟ್ಟೆ ಮೇಲಿಡಿ. ಬೆಳಿಗ್ಗೆ ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ, ಇನ್ನೂ ನೆಲ ಕಾಯುವ ಮೊದಲು ನೋಡಬೇಕು. ಗುಂಡು ಪಡುವಣಕ್ಕಿರಲಿ, ಟೆಲಿಸ್ಕೋಪು ಮೂಡಣಕ್ಕಿರಲಿ. ಸೂರ್ಯ ನಿಮ್ಮ ಬೆನ್ನಿಗೆ. ಹೀಗಿದ್ದರೆ ಕೊಳವೆ ತಪ್ಪಿಯೂ ಸೂರ್ಯನತ್ತ ತಿರುಗದು. ತಿರುಗಿದರೆ ಕಣ್ಣು ಹೋಗುತ್ತದೆ, ಆದ್ದರಿಂದ ಈ ದಿಕ್ಕುಗಳನ್ನು ಅದಲುಬದಲು ಮಾಡಬೇಡಿ, ಮಕ್ಕಳ ಕೈಗೆ ಬಿಟ್ಟು ಹೋಗಬೇಡಿ. ಗುಂಡಿನಲ್ಲಿ ಕಾಣುವ ಸೂರ್ಯನ ಪ್ರತಿಬಿಂಬದ ಗಾತ್ರ ಗುಂಡಿನ ವ್ಯಾಸದ ಸುಮಾರು 430ರಲ್ಲಿ ಒಂದು ಪಾಲು, ಅಂದರೆ 0.014 ಮಿ.ಮೀ. ಮೂವತ್ತು ಮೀಟರ್ ದೂರದಲ್ಲಿ 114 ಮಿ.ಮೀ. ಕನ್ನಡಿ ಬಿಂದುವೆಂದು ಕಾಣುವ ಗಾತ್ರ 0.35 ಮಿ.ಮೀ. ನಮ್ಮ ಹೊಳಪು ಅದಕ್ಕಿಂತ 25 ಪಟ್ಟು ಸಣ್ಣದು. ನಿಜವಾದ ನಕ್ಷತ್ರಕ್ಕೆ ಏನೂ ಕಡಿಮೆಯಿಲ್ಲ. ರಾತ್ರಿಯಾದರೆ ಗುಂಡಿನಿಂದ 30 ಸೆಂ.ಮೀ. ದೂರದಲ್ಲಿ ಒಂದು ಸಣ್ಣ ಎಲ್‌ಇಡಿ ಇಟ್ಟು, ಅದರ ನೇರ ಬೆಳಕು ಟೆಲಿಸ್ಕೋಪಿಗೆ ಬಾರದಂತೆ ರಟ್ಟಿನಿಂದ ಮರೆ ಮಾಡಿ.

ದೂರ ಕಡಿಮೆ ಮಾಡಬೇಡಿ. ಸಂಗಮದೂರದ ಕನಿಷ್ಠ ಇಪ್ಪತ್ತು ಪಟ್ಟು, ಅಂದರೆ 114/900ಕ್ಕೆ 18 ಮೀಟರ್ ಇರಲೇಬೇಕು, ಮೂವತ್ತಿದ್ದರೆ ಒಳ್ಳೆಯದು. ಬಿಂದುವನ್ನು ಹತ್ತಿರ ತಂದಷ್ಟೂ ಗೋಲ ಕನ್ನಡಿಗೆ ಸುಳ್ಳು ಅಂಕ ಸಿಗುತ್ತದೆ, ಏಕೆಂದರೆ ಗೋಲ ಕನ್ನಡಿ ತನ್ನ ವಕ್ರತಾಕೇಂದ್ರದಲ್ಲಿರುವ (ಸಂಗಮದೂರದ ಎರಡು ಪಟ್ಟು ದೂರದ) ಬಿಂದುವಿಗೆ ದೋಷವೇ ಇಲ್ಲದ ಕನ್ನಡಿ. ಹತ್ತಿರದ ವಸ್ತುವಿಗೆ ಫೋಕಸೂ ಹೊರಗೆ ಸರಿಯುತ್ತದೆ, ಮೂವತ್ತು ಮೀಟರಿಗೆ 28 ಮಿ.ಮೀ. ಫೋಕಸರು ಅಷ್ಟು ಹೊರಬರದಿದ್ದರೆ ಐಪೀಸನ್ನು ತುಸು ಹೊರಗೆಳೆದು ತಿರುಪು ಬಿಗಿಯಿರಿ.

ನಕ್ಷತ್ರ ಪರೀಕ್ಷೆ

ಐಪೀಸು 6 ಮಿ.ಮೀ. ಇರಲಿ, 114/900ರಲ್ಲಿ 150 ಪಟ್ಟು ಸಿಗುತ್ತದೆ. ಟೆಲಿಸ್ಕೋಪಿನ ಜೊತೆ ಪುಕ್ಕಟೆ ಬರುವ 4 ಮಿ.ಮೀ. ಐಪೀಸು, ವರ್ಧನೆಯನ್ನು ಮೂರು ಪಟ್ಟು ಮಾಡುವ ಪ್ಲಾಸ್ಟಿಕ್ ಬಾರ್ಲೋ ಮಸೂರ ಎರಡನ್ನೂ ಬದಿಗಿಡಿ. ಒಂದು ಸಾಧಾರಣ ಪ್ಲೋಸ್ಲ್ ಕೊಂಡರೆ ಈ ಪರೀಕ್ಷೆಗೂ ಆಯಿತು, ಮುಂದಿನ ಹತ್ತು ವರ್ಷಕ್ಕೂ ಆಯಿತು. ಹಸಿರು ಫಿಲ್ಟರ್ ಇದ್ದರೆ ಉಂಗುರಗಳು ಇನ್ನಷ್ಟು ಸ್ಪಷ್ಟ.

ಮೊದಲು ಫೋಕಸಿನಲ್ಲೇ ನೋಡಿ. ಗಾಳಿ ನಿಂತ ಕ್ಷಣದಲ್ಲಿ ಒಂದು ಪುಟ್ಟ ಗುಂಡನೆಯ ಬೆಳಕು, ಅದರ ಸುತ್ತ ಮಂದವಾದ ಒಂದು ಉಂಗುರ ಕಾಣಬೇಕು. ಒಳ್ಳೆಯ ಕನ್ನಡಿಯಲ್ಲಿ ಫೋಕಸು ಟಕ್ಕನೆ ಕೂರುತ್ತದೆ. ಎಫ್/8ಕ್ಕೆ, ಅಂದರೆ ಸಂಗಮದೂರ ವ್ಯಾಸದ ಎಂಟು ಪಟ್ಟಿದ್ದಾಗ (114/900 ಹತ್ತಿರ ಹತ್ತಿರ ಹೀಗೇ), ಕಾಲು ತರಂಗದ ತಪ್ಪು ಎಂದರೆ ಫೋಕಸರಿನ 0.07 ಮಿ.ಮೀ. ಚಲನೆ, ಗುಬ್ಬಿಯ ಒಂದು ಕೂದಲೆಳೆ ತಿರುವು. ಅರ್ಧ ಮಿಲಿಮೀಟರ್ ಅತ್ತಿತ್ತ ಆಡಿಸಿದರೂ ಎಲ್ಲಿ ಚೂಪು ಎಂದು ನಿರ್ಧರಿಸಲು ಆಗದಿದ್ದರೆ ಏನೋ ದೋಷವಿದೆ.

ಈಗ ಫೋಕಸರನ್ನು ಒಳಗೆ, ಕೊಳವೆಯ ಕಡೆಗೆ, ಐದು ಉಂಗುರ ಕಾಣುವವರೆಗೆ ಸರಿಸಿ. ಎಫ್/8ಕ್ಕೆ ಇದು ಸುಮಾರು 1.4 ಮಿ.ಮೀ. ಕಂಡದ್ದನ್ನು ವಹಿಯಲ್ಲಿ ಚಿತ್ರ ಬಿಡಿಸಿ. ಆಮೇಲೆ ಫೋಕಸು ದಾಟಿ ಹೊರಗೆ ಅಷ್ಟೇ ದೂರ ಬನ್ನಿ, ಅದನ್ನೂ ಬಿಡಿಸಿ. ಎರಡು ಚಿತ್ರಗಳ ಹೋಲಿಕೆಯಲ್ಲೇ ಪರೀಕ್ಷೆಯೆಲ್ಲ ಇದೆ. ಎರಡೂ ಒಂದೇ ತರಹ ಇದ್ದರೆ, ಹೊರ ಉಂಗುರ ಎರಡೂ ಕಡೆ ಒಂದೇ ಹೊಳಪಿನದ್ದಾಗಿ, ನಡುವಿನ ನೆರಳು ಒಂದೇ ಅಳತೆಯದ್ದಾಗಿದ್ದರೆ ನಿಮಗೆ ಬಂದದ್ದು ಒಳ್ಳೆಯ ಕನ್ನಡಿ.

ಒಳಬದಿಯಲ್ಲಿ ಹೊರ ಉಂಗುರ ಬಳೆಯ ಹಾಗೆ ಹೊಳೆದು ನಡುನೆರಳು ದೊಡ್ಡದಾಗಿ ಕಂಡು, ಹೊರಬದಿಯಲ್ಲಿ ಅಂಚು ಹಿಂಜಿದ ಹತ್ತಿಯಂತಾಗಿ ನಡುಭಾಗ ಹೊಳೆದರೆ ತಿದ್ದುಪಡಿ ಸಾಲದು ಎಂದರ್ಥ. ಗೋಲ ಕನ್ನಡಿಯ ಸಹಿ ಇದು. ಅಂಚಿನ ಕಿರಣಗಳು ನಡುವಿನವಕ್ಕಿಂತ ಮೊದಲೇ ಸೇರುವುದರಿಂದ ಒಳಬದಿಯಲ್ಲಿ ಅವು ಅಂಚಿಗೆ ದಟ್ಟೈಸುತ್ತವೆ, ಹೊರಬದಿಯಲ್ಲಿ ಚದುರುತ್ತವೆ. ಇದರ ತಿರುಗು ಚಿತ್ರ ಕಂಡರೆ ಅತಿತಿದ್ದುಪಡಿ. 114/900ರ ಗೋಲ ಕನ್ನಡಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಂಡೇ ಕಾಣುತ್ತದೆ, ಗಾಬರಿಯಾಗಬೇಡಿ. ನಕ್ಷತ್ರ ಪರೀಕ್ಷೆ ಬಹಳ ಸೂಕ್ಷ್ಮ, ಐದರಲ್ಲೊಂದು ತರಂಗವನ್ನೂ ಎತ್ತಿ ತೋರಿಸುತ್ತದೆ. ಆ ಕನ್ನಡಿ ಶನಿಯ ಬಳೆಯನ್ನೂ ಗುರುವಿನ ಪಟ್ಟೆಗಳನ್ನೂ ಚೆನ್ನಾಗಿಯೇ ತೋರಿಸುತ್ತದೆ.

ಬಿಲ್ಲೆ ಒಳಬದಿಯಲ್ಲಿ ಒಂದು ದಿಕ್ಕಿಗೆ ಮೊಟ್ಟೆಯಾಗಿ, ಹೊರಬದಿಯಲ್ಲಿ ಅದಕ್ಕೆ ಅಡ್ಡವಾಗಿ ಮೊಟ್ಟೆಯಾದರೆ ಅದು ಅಸ್ಟಿಗ್ಮ್ಯಾಟಿಸಂ, ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಕಡೆ ಫೋಕಸಾಗುವ ದೋಷ. ಯಾರದ್ದು ಎಂದು ಹಿಡಿಯುವುದು ಹೀಗೆ: ನಿಮ್ಮ ತಲೆಯನ್ನು ಓರೆ ಮಾಡಿ, ಮೊಟ್ಟೆಯೂ ತಿರುಗಿದರೆ ದೋಷ ನಿಮ್ಮ ಕಣ್ಣಿನದು, ಕನ್ನಡಕ ಹಾಕಿ ನೋಡಿ. ಐಪೀಸನ್ನು ತಿರುಗಿಸಿ, ಜೊತೆಗೆ ತಿರುಗಿದರೆ ಐಪೀಸಿನದು. ಎರಡೂ ಅಲ್ಲವಾದರೆ ದೊಡ್ಡ ಕನ್ನಡಿಯನ್ನು ತಟ್ಟೆಯೊಳಗೆ 90 ಡಿಗ್ರಿ ತಿರುಗಿಸಿ ಕೂರಿಸಿ, ಮತ್ತೆ ಸರಿಹೊಂದಿಸಿ ನೋಡಿ. ಮೊಟ್ಟೆಯೂ ಅಡ್ಡ ತಿರುಗಿದರೆ ದೊಡ್ಡ ಗಾಜಿನದು. ಇದ್ದಲ್ಲೇ ಇದ್ದರೆ ಸಣ್ಣ ಕನ್ನಡಿಯನ್ನು ಅಥವಾ ದೊಡ್ಡದು ಕೂತ ತಟ್ಟೆಯನ್ನು ಅನುಮಾನಿಸಿ. ಸಣ್ಣ ಕನ್ನಡಿಯ ಬೆನ್ನಿಗೆಲ್ಲ ಗಟ್ಟಿ ಅಂಟು ಬಳಿದಿದ್ದರೆ ಅದು ಒಣಗುವಾಗ ಗಾಜನ್ನು ಎಳೆದು ಬಗ್ಗಿಸುತ್ತದೆ. ನಿಧಾನವಾಗಿ ಬಿಡಿಸಿ, ಮೂರು ಸಣ್ಣ ಚುಕ್ಕೆ ಸಿಲಿಕಾನ್ ಅಂಟಿನಿಂದ ಮತ್ತೆ ಕೂರಿಸಿದರೆ ಬಹಳ ಸಲ ಸರಿಹೋಗುತ್ತದೆ.

ಒಳಬದಿಯಲ್ಲಿ ಮಾತ್ರ ಉಂಗುರಗಳು ಕಲಸಿ, ಬಿಲ್ಲೆಯ ಆಚೆಗೂ ಮಬ್ಬು ಬೆಳಕು ಚೆಲ್ಲಿದ್ದು, ಹೊರಬದಿ ಚೆನ್ನಾಗಿದ್ದರೆ ಅಂಚು ಜಾರಿದ ಕನ್ನಡಿ. ಉಜ್ಜುವಾಗ ಅಂಚನ್ನು ಹೆಚ್ಚು ಸವೆಸಿದ್ದರ ಫಲ. ಮದ್ದು ಸುಲಭ: ಕಪ್ಪು ಕಾಗದದ ಉಂಗುರದಿಂದ ಅಂಚಿನ 3 ಮಿ.ಮೀ. ಮುಚ್ಚಿ. 114 ಹೋಗಿ 108 ಉಳಿಯುತ್ತದೆ, ಬೆಳಕು ನೂರಕ್ಕೆ ಹತ್ತು ಭಾಗ ಕಡಿಮೆ, ನೋಟ ಎಷ್ಟೋ ಚೂಪು.

ಜಾಲರಿ, ಬ್ಲೇಡು

ಉಂಗುರ ಎಣಿಸುವುದು ಕಷ್ಟವೆನಿಸಿದವರಿಗೆ ಇಟಲಿಯ ವಾಸ್ಕೊ ರೊಂಕಿ 1923ರಲ್ಲಿ ತೋರಿಸಿದ ಗೆರೆ ಪರೀಕ್ಷೆ ಇದೆ. ಇಂಚಿಗೆ ನೂರು ಗೆರೆಯ ಜಾಲರಿ ಬೇಕು. ಲಗ್ನಪತ್ರಿಕೆಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರ ಬಳಿ ಇಂಚಿಗೆ 100ರಿಂದ 120 ಎಳೆಯ ಬಟ್ಟೆಯ ಹೊಸ ತುಂಡು ಕೇಳಿ. ಅಡ್ಡ ಉದ್ದ ಎರಡೂ ಗೆರೆ ಕಾಣುತ್ತವೆ, ಒಂದು ದಿಕ್ಕನ್ನು ಮಾತ್ರ ಗಮನಿಸಿದರಾಯಿತು. ಐಪೀಸು ತೆಗೆದು, ಜಾಲರಿಯನ್ನು ಸುಕ್ಕಿಲ್ಲದಂತೆ ಎಳೆದು ಫೋಕಸರಿನ ಬಾಯಿಗೆ ಕಟ್ಟಿ, ಕಣ್ಣನ್ನು ಅದಕ್ಕೆ ಹತ್ತಿರವಿಟ್ಟು ಹೊಳೆಯುವ ನಕ್ಷತ್ರ ನೋಡಿ. ಕನ್ನಡಿಯೆಲ್ಲ ಬೆಳಗಿ ಅದರ ಮೇಲೆ ಕಪ್ಪು ಪಟ್ಟೆಗಳು ಮೂಡುತ್ತವೆ. ನಾಲ್ಕೈದು ಪಟ್ಟೆ ಉಳಿಯುವಷ್ಟು ಫೋಕಸಿಗೆ ಹತ್ತಿರ ಬನ್ನಿ. ಪಟ್ಟೆಗಳು ನೇರವಾಗಿದ್ದರೆ ಪ್ಯಾರಾಬೋಲಾ. ಒಳಬದಿಯಲ್ಲಿ ಡಮರುವಿನ ಹಾಗೆ ನಡು ಸಣ್ಣಗಾಗಿ, ಹೊರಬದಿಯಲ್ಲಿ ಡೊಳ್ಳಿನ ಹಾಗೆ ನಡು ಉಬ್ಬಿದರೆ ಗೋಲ. ಪಟ್ಟೆಯ ತುದಿಗಳು ಮಾತ್ರ ಕೊಕ್ಕೆಯಂತೆ ಬಾಗಿದರೆ ಜಾರಿದ ಅಂಚು.

ಗೋಲವೋ ಅಲ್ಲವೋ ಎಂದು ಮನೆಯೊಳಗೇ ಖಾತ್ರಿ ಮಾಡಿಕೊಳ್ಳಲು ಫ್ರಾನ್ಸಿನ ಫೂಕೋ 1858ರ ಸುಮಾರಿಗೆ ಕಂಡುಕೊಂಡ ಬ್ಲೇಡಿನ ಪರೀಕ್ಷೆಯೇ ಸಾಕು. ಕನ್ನಡಿಯನ್ನು ತಟ್ಟೆಯ ಸಮೇತ ಗೋಡೆಯ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ. ಸಂಗಮದೂರದ ಎರಡು ಪಟ್ಟು ದೂರದಲ್ಲಿ, 114/900ಕ್ಕೆ 1800 ಮಿ.ಮೀ.ನಲ್ಲಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸೂಜಿಯ ಮೊನೆಯಿಂದ ಚುಚ್ಚಿದ ಕಿಂಡಿಯ ಹಿಂದೆ ಎಲ್‌ಇಡಿ ಇಡಿ. ಮರಳಿ ಬಂದ ಬೆಳಕಿನ ಚುಕ್ಕೆಯನ್ನು ಬಿಳಿ ಕಾಗದದ ಮೇಲೆ ಹಿಡಿದು ಹುಡುಕಿ, ಅದು ಕಿಂಡಿಯ ಪಕ್ಕದಲ್ಲೇ ಬೀಳುವಂತೆ ಕನ್ನಡಿ ಓರೆ ಮಾಡಿ. ಚುಕ್ಕೆಯ ಹಿಂದೆ ಕಣ್ಣಿಟ್ಟರೆ ಕನ್ನಡಿ ಹುಣ್ಣಿಮೆಯಂತೆ ಬೆಳಗುತ್ತದೆ. ಈಗ ಮರದ ತುಂಡಿಗೆ ಅಂಟಿಸಿದ ಬ್ಲೇಡನ್ನು ಎಡದಿಂದ ಮೆಲ್ಲಗೆ ಚುಕ್ಕೆಗೆ ಅಡ್ಡ ತನ್ನಿ. ನೆರಳು ಬ್ಲೇಡಿನ ಕಡೆಯಿಂದಲೇ ಬಂದರೆ ನೀವು ಕನ್ನಡಿಗೆ ತೀರ ಹತ್ತಿರ, ಎದುರು ಕಡೆಯಿಂದ ಬಂದರೆ ತೀರ ದೂರ. ಸರಿ ಜಾಗ ಸಿಕ್ಕಾಗ ಇಡೀ ಕನ್ನಡಿ ಒಮ್ಮೆಲೇ ಸಮನಾಗಿ ಬೂದಿಯ ಬಣ್ಣಕ್ಕೆ ತಿರುಗಿದರೆ ಅದು ಅಪ್ಪಟ ಗೋಲ. ವಡೆಯ ಹಾಗೆ, ನಡುವೆ ತಗ್ಗು ಸುತ್ತ ಉಬ್ಬಿನ ನೆರಳು ಕಂಡರೆ ಪ್ಯಾರಾಬೋಲಾದ ಕಡೆಗೆ ತಿದ್ದಿದ ಕನ್ನಡಿ. 114/900ರಲ್ಲಿ ನಡುಭಾಗದ ಮತ್ತು ಅಂಚಿನ ಸರಿ ಜಾಗಗಳ ನಡುವೆ ಸುಮಾರು 1.8 ಮಿ.ಮೀ. ಅಂತರ ಬರಬೇಕು. ಫ್ಯಾನು, ಕೂಲರು ಆರಿಸಿರಿ, ಗಾಳಿಯ ಸುಳಿಯೂ ಇದರಲ್ಲಿ ಕಾಣುತ್ತದೆ.

130ರ ಕನ್ನಡಿ ಗೋಲವೆಂದು ಸಾಬೀತಾದರೂ ಮಾರಬೇಕಿಲ್ಲ. ಮೊದಲಿನ ಸೂತ್ರವನ್ನೇ ತಿರುಗಿಸಿ ಲೆಕ್ಕ ಹಾಕಿದರೆ 900 ಮಿ.ಮೀ. ಸಂಗಮದೂರಕ್ಕೆ 120 ಮಿ.ಮೀ. ವ್ಯಾಸದವರೆಗೆ, 650ಕ್ಕೆ 94 ಮಿ.ಮೀ.ವರೆಗೆ ಗೋಲ ಕನ್ನಡಿ ಕಾಲು ತರಂಗದೊಳಗಿರುತ್ತದೆ. ಗಟ್ಟಿ ರಟ್ಟಿನಲ್ಲಿ ಅಷ್ಟು ಅಗಲದ ವೃತ್ತ ಕೊರೆದು, ಕಪ್ಪು ಬಳಿದು, ಕೊಳವೆಯ ಬಾಯಿಗೆ ಸರಿ ನಡುವೆ ಹೊಂದಿಸಿ. 130/900ರಲ್ಲಿ ನೂರಕ್ಕೆ 15 ಭಾಗ ಬೆಳಕು ಹೋಗುತ್ತದೆ, 130/650ರಲ್ಲಿ ಹತ್ತಿರ ಹತ್ತಿರ ಅರ್ಧ. ಗ್ರಹ, ಚಂದ್ರ, ಜೋಡಿ ನಕ್ಷತ್ರ ನೋಡುವಾಗ ರಟ್ಟು ಹಾಕಿ. ಕೃತ್ತಿಕೆಯ ಗುಂಪು, ಮಹಾವ್ಯಾಧದ (ಓರಿಯನ್) ನೀಹಾರಿಕೆ ನೋಡುವಾಗ ತೆಗೆದಿಡಿ, ಅಲ್ಲಿ ಕಡಿಮೆ ವರ್ಧನೆ ಸಾಕು, ಬೆಳಕು ಹೆಚ್ಚು ಬೇಕು.